ಸೊನ್ನೆ ತೆಗೆದ ವಿಳಾಸಗಳು

ಶವಪೆಟ್ಟಿಗೆಯ ಎಡಗಡೆಯ ಹಿಡಿ ಐಲ್ಸಾಳ ಕೈಯಲ್ಲಿತ್ತು. ಕೋಟಿನ ಜೇಬಿನಲ್ಲಿ ಫೋನು ಒಂದೇ ಸಮನೆ ನಡುಗುತ್ತಿತ್ತು. ತೆಗೆದು ನೋಡುವ ಹಾಗಿಲ್ಲ. ನೋಡುವುದೇನು ಬಂತು, ಬೆಳಿಗ್ಗೆಯೇ ಸುದ್ದಿ ಬಂದಿತ್ತು: ಬಾಸ್ ಜಲಸಂಧಿಯ ದ್ವೀಪವೊಂದರಲ್ಲಿ ಸಮುದ್ರದ ನೀರಿನ ಮಟ್ಟ ಅಳೆಯುವ ಯಂತ್ರ ಮೂಕವಾಗಿದೆ. ಆ ಅಳತೆಯನ್ನು ನಂಬಿ ಬಂದರಿಗೆ ಬರುವ ಮೀನುದೋಣಿಗಳ ಗತಿ?

ಪೆಟ್ಟಿಗೆಯೊಳಗೆ ಮಲಗಿದ್ದ ವಿಲ್ಫ್ ಟ್ರಾಂಟರ್‌ಗೆ ಬಾಯಿ ಬಂದಿದ್ದರೆ "ನಾನು ಬಡ್ಕೊಂಡಿರ್ಲಿಲ್ವಾ?" ಎನ್ನುತ್ತಿದ್ದ. ಅಂಥ ಯಂತ್ರಗಳು ತಮ್ಮ ಅಳತೆ ಕಳಿಸಲು ಬಳಸುವ ತಂತ್ರಾಂಶವನ್ನು ಮೂವತ್ತು ವರ್ಷ ಸಾಕಿದವನು ಅವನು. ನಿನ್ನೆ ಅದನ್ನು ಬದಲಿಸಿದವಳು ಅವನ ಆಫೀಸಿನಲ್ಲೇ ಕೆಲಸ ಮಾಡುವ ಇವಳು.

*

ಇಬ್ಬರಿಗೂ ಜಗಳವಾಗಿದ್ದು ಆರು ವಾರದ ಹಿಂದೆ, ವಿಲ್ಫ್ ಮಲಗಿದ್ದ ಆಸ್ಪತ್ರೆಯಲ್ಲಿ. ಅಂತರ್ಜಾಲದಲ್ಲಿ ಒಂದೊಂದು ಯಂತ್ರಕ್ಕೂ ಇರುವ ಅಂಕಿಗಳ ವಿಳಾಸ ಬರೆಯುವಾಗ ಅವು ನೆಟ್ಟಗೆ ಸಾಲಾಗಿ ಕಾಣಲೆಂದು ಹಳಬರು ಮುಂದೆ ಸೊನ್ನೆ ಸೇರಿಸುತ್ತಿದ್ದರು. ಹತ್ತು ಎನ್ನಲು 010. ಅದನ್ನು ಒಂದು ತಂತ್ರಾಂಶ ಹತ್ತೆಂದು ಓದಿದರೆ, ಇನ್ನೊಂದು ಮುಂದಿನ ಸೊನ್ನೆಯನ್ನು ಎಂಟರ ಎಣಿಕೆಯ ಗುರುತೆಂದು ತಿಳಿದು ಎಂಟೆಂದು ಓದುತ್ತದೆ.

"ಕಳ್ಳರಿಗೆ ನಾವೇ ಬಿಟ್ಟ ಕಿಂಡಿ ಇದು, ವಿಲ್ಫ್. ಒಂದು ವಿಳಾಸ ತೋರಿಸಿ ಇನ್ನೊಂದಕ್ಕೆ ನುಗ್ತಾರೆ. ಮುಂದೆ ಸೊನ್ನೆ ಇರೋ ವಿಳಾಸಾನ ನಮ್ಮ ತಂತ್ರಾಂಶ ಇನ್ನು ತಗೊಳ್ಳಲೇಬಾರದು."

"ನಲವತ್ತೊಂದು ಯಂತ್ರ ಇದಾವೆ ಕಣೇ. ಯಾವುದರ ಹೊಟ್ಟೇಲಿ ಸೊನ್ನೆ ಇದೆ, ನಿಂಗೊತ್ತಾ? ಒಂದು ಮೂಕಾದ್ರೂ ದೋಣಿ ಬಂಡೆಗೆ ಹೊಡೆಯುತ್ತೆ."

"ನಿಮಗೆ ಗೊತ್ತಾ?"

ವಿಲ್ಫ್ ಗೋಡೆಯ ಕಡೆ ತಿರುಗಿದ. "ಒಂದು ತಿಂಗಳು ತಡಿ. ಆಮೇಲೆ ನಿನ್ನಿಷ್ಟ."

ಅವಳು ತಡೆದಳು. ಬಂದರುಗಳಿಗೆಲ್ಲ ಬರೆದು ಕೇಳಿದಳು. ಎಲ್ಲರೂ 'ಸರಿ ಇದೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿದರು. ಆದರೆ ಆಸ್ಪತ್ರೆಯ ಕಡೆ ಮಾತ್ರ ಮತ್ತೆ ತಲೆ ಹಾಕಲಿಲ್ಲ. ಹಟಕ್ಕೆ ಇಬ್ಬರೂ ಇಬ್ಬರೇ.

*

ಮಣ್ಣು ಮಾಡಿದ ಮೇಲೆ ಚರ್ಚಿನ ಹಜಾರದಲ್ಲಿ ಚಹಾ, ಸ್ಯಾಂಡ್‌ವಿಚ್ಚು, ಕೇಕು. ಆ ದ್ವೀಪದ ಬಂದರು ನೋಡಿಕೊಳ್ಳುವ ಕ್ಲೆಮ್ ಪರ್ಡನ್ ತಟ್ಟೆ ತುಂಬಿಕೊಂಡು ನಿಂತಿದ್ದ. ಐಲ್ಸಾ ನೇರ ಹೋಗಿ ಎದುರು ನಿಂತಳು.

"ಕ್ಲೆಮ್, ನಿಮ್ಮ ಯಂತ್ರ ನಿಂತಿದೆ. ತಪ್ಪು ನಂದು."

"ಯಾವ ತಪ್ಪು? ಬ್ಯಾಟರಿ ಹಾಳಾಗಿತ್ತು, ನಾನೇ ಬಿಚ್ಚಿಟ್ಟು ವಿಮಾನ ಹತ್ತಿದೆ. ಸಂಜೆ ಹೋಗಿ ಹೊಸದು ಹಾಕ್ತೀನಿ."

"ಅಲ್ಲೀವರೆಗೆ ದೋಣಿಗಳು?"

"ದೋಣಿಯೋರೆಲ್ಲ ಇಲ್ಲೇ ನಿಂತು ಕೇಕ್ ಮುಕ್ತಿದಾರಲ್ಲ ಮಾರಾಯ್ತಿ!"

"ಮತ್ತೆ... ಸೊನ್ನೆ?"

"ಅಯ್ಯೋ, ಆ ಸೊನ್ನೆ! ನಿನ್ನ ಮುದುಕ ಆಸ್ಪತ್ರೆಯಿಂದ ಮೂರು ಸಲ ಫೋನ್ ಮಾಡಿ ತಲೆ ತಿಂದ. ಒಂದೊಂದೇ ಅಂಕಿ ಓದಿಸಿ, ಸೊನ್ನೆ ತೆಗೆಸಿ, ಆಮೇಲೇ ಬಿಟ್ಟಿದ್ದು. 'ಆ ಹುಡುಗಿ ಹೇಳೋದೇ ಸರಿ, ಆದ್ರೆ ಅವಳ ಕಿವಿಗೆ ಹಾಕ್ಬೇಡ, ತಲೆ ಮೇಲೆ ಕೂರ್ತಾಳೆ' ಅಂದ."

ಅಬ್ಬಾ! ಐಲ್ಸಾ ಪಕ್ಕದ ಕುರ್ಚಿಯಲ್ಲಿ ಕೂತಳು. ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ.

ಅವಳನ್ನು ನೋಡಿ ವಿಲ್ಫ್‌ನ ಹೆಂಡತಿ ನೊರೀನ್ ಹತ್ತಿರ ಬಂದು, ಕೈಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. "ಇದು ನಿಮ್ಮ ಆಫೀಸಿನದೇ ಇರ್ಬೇಕು ಕಣಮ್ಮ. ಬೇಕಾದ ಊಟಕ್ಕೆ ಗುರುತು ಹಾಕಿ ಕೊಡೋ ಚೀಟಿ ವಾಪಸ್ ಕೊಡ್ಲಿಲ್ಲ ಅಂತ ನಮ್ಮನೆಯವರು ನರ್ಸ್ ಹತ್ರ ಬೈಸಿಕೊಂಡಿದ್ರು."

ಚೀಟಿಯ ಹಿಂಬದಿಯಲ್ಲಿ ನಡುಗುವ ಅಕ್ಷರದಲ್ಲಿ ನಲವತ್ತೊಂದು ಬಂದರುಗಳ ಹೆಸರು. ಪ್ರತಿಯೊಂದರ ಎದುರೂ ಸರಿ ಗುರುತು. ಐಲ್ಸಾ ತಿರುಗಿಸಿ ನೋಡಿದಳು. ಮುಂಬದಿಯಲ್ಲಿ ಸೂಪು, ಹುರಿದ ಕುರಿಮಾಂಸ, ಕಸ್ಟರ್ಡ್. ಒಂದರ ಎದುರೂ ಗುರುತು ಇರಲಿಲ್ಲ.