ಹಳೆಯದನ್ನು ತೆಗೆಯಲೇ?

ಕಣ್ಣು ಕಾಣದ ಮಕ್ಕಳ ಆ ಶಾಲೆಯಲ್ಲಿ ಬ್ರೈಲ್ ಚುಕ್ಕಿ ಒತ್ತುವ ಯಂತ್ರವನ್ನು ನೋಡಿಕೊಳ್ಳುವವಳನ್ನು ಎಲ್ಲರೂ ಅಚ್ಚಿನಕ್ಕ ಎನ್ನುತ್ತಿದ್ದರು. ಅವಳ ಮಗಳೂ ಅಲ್ಲೇ ಏಳನೆಯ ತರಗತಿ. ಮಂಗಳವಾರದ ದೊಡ್ಡ ಪರೀಕ್ಷೆಯಲ್ಲಿ ಆ ತರಗತಿಯ ಹನ್ನೊಂದು ಮಕ್ಕಳು ಮೊದಲ ಬಾರಿಗೆ ಪ್ರಶ್ನೆಪತ್ರಿಕೆಯನ್ನು ತಮ್ಮ ಬೆರಳಿನಿಂದಲೇ ಓದುವವರಿದ್ದರು. ಇಷ್ಟು ವರ್ಷ ಹೊರಗಿನವರು ಯಾರೋ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದರು. ಒಂದು ವಾರದಿಂದ ಮಗಳ ಬಾಯಲ್ಲಿ ಬೇರೆ ಮಾತಿಲ್ಲ.

ಪರೀಕ್ಷಾ ಕಚೇರಿಯವರದು ಒಂದು ಷರತ್ತು. ಪತ್ರಿಕೆ ಹಿಂದಿನ ದಿನವಷ್ಟೇ ಬರುತ್ತದೆ, ಅದೂ ಕಂಪ್ಯೂಟರಿನಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಇದ್ದರೆ ಮಾತ್ರ ತೆರೆಯುತ್ತದೆ. ಹಾಗಾಗಿ ಅಚ್ಚಿನಕ್ಕ ಭಾನುವಾರ ಬೆಳಿಗ್ಗೆಯೇ ಹೊಸದನ್ನು ಕೂರಿಸಿದಳು. ಕೂರಿಸುವುದು ಅರ್ಧ ಕೆಲಸ. ಹಳೆಯದರ ಮೇಲೆ ಕಟ್ಟಿದ ಒಂದೊಂದು ಪ್ರೋಗ್ರಾಮನ್ನೂ ಹೊಸದಕ್ಕೆ ಹೊಂದುವಂತೆ ಮತ್ತೆ ಕಟ್ಟಬೇಕು. ಇದನ್ನು ಕಟ್ಟಲು ಹೋದರೆ ಅದು ಬೇಕು, ಅದಕ್ಕೆ ಮತ್ತೊಂದು. ಮುನಿಸಿಕೊಂಡ ನೆಂಟರ ಹಾಗೆ, ಇವರು ಬಂದರೆ ಅವರು, ಅವರು ಬಂದರೆ ಇವರು.

ಎಲ್ಲ ಮುಗಿಯುವವರೆಗೆ ಹಳೆಯ ಲೈಬ್ರರಿಗಳನ್ನು, ಅಂದರೆ ಹಳೆಯ ಪ್ರೋಗ್ರಾಮುಗಳ ಊರುಗೋಲುಗಳನ್ನು, ಮುಟ್ಟಬಾರದೆಂದು ಸೂಚನೆಯಲ್ಲೇ ಇತ್ತು. ಆದರೆ ಅಚ್ಚಿನಕ್ಕ, ಉಣ್ಣುವವರು ಕೈ ತೊಳೆಯುವ ಮೊದಲೇ ತಟ್ಟೆ ಎತ್ತುವವಳು. ಮತ್ತೆ ಕಟ್ಟಬೇಕಾದ ಪ್ರೋಗ್ರಾಮುಗಳ ಪಟ್ಟಿಯಲ್ಲಿದ್ದ ಇನ್ನೂರ ಹನ್ನೆರಡೂ ಆದವು. ಹಳೆಯದನ್ನು ತೆಗೆಯಲೇ ಎಂದು ಕಂಪ್ಯೂಟರು ಕೇಳಿತು. ಹೂಂ ಎಂದಳು. ಖಂಡಿತವೇ ಎಂದಿತು. ಮನೆಯಲ್ಲಿ ಒಗೆಯುವ ಬಟ್ಟೆ ರಾಶಿ ಬಿದ್ದಿತ್ತು. ಆ ಪ್ರಶ್ನೆಗೂ ಹೂಂ ಎಂದು ಎದ್ದಳು.

ಅಕ್ಷರವನ್ನು ಚುಕ್ಕಿಗೆ ತಿರುಗಿಸುವ ಪ್ರೋಗ್ರಾಮು ಆ ಪಟ್ಟಿಯಲ್ಲೇ ಇರಲಿಲ್ಲ. ಹಿಂದಿನ ಗಣಿತದ ಮೇಷ್ಟ್ರು ಅದನ್ನು ತಾವೇ ಬರೆದು ಕೂರಿಸಿದ್ದರು. ಅವರು ತೀರಿಕೊಂಡು ಆರು ವರ್ಷ. ಅವರು ಬರೆದ ಮೂಲ ಕೋಡ್ ಎಲ್ಲಿದೆಯೋ ಅವರ ಹೆಂಡತಿಗೂ ಗೊತ್ತಿಲ್ಲ. ಮೂಲವಿಲ್ಲದೆ ಮತ್ತೆ ಕಟ್ಟುವುದಾದರೂ ಹೇಗೆ? ಊರುಗೋಲಿದ್ದಿದ್ದರೆ ಕುಂಟಿಕೊಂಡಾದರೂ ನಡೆಯುತ್ತಿತ್ತು.

ಸೋಮವಾರ ಹತ್ತಕ್ಕೆ ಪತ್ರಿಕೆ ಬಂತು, ಸಲೀಸಾಗಿ ತೆರೆಯಿತು. ಚುಕ್ಕಿಗೆ ತಿರುಗಿಸಲು ಹೋದಾಗ ಒಂದೇ ಸಾಲು: ಲೈಬ್ರರಿ ಸಿಗಲಿಲ್ಲ. ಅದೇ ಹೆಸರಿನದನ್ನು ಬೇರೆಲ್ಲಿಂದಲೋ ತಂದು ಹಾಕಿದಳು. ಪ್ರೋಗ್ರಾಮು ಎದ್ದಿತು, ಒತ್ತಕ್ಷರಗಳನ್ನೆಲ್ಲ ನುಂಗಿ ಮತ್ತೆ ಬಿತ್ತು.

"ಏನಮ್ಮಾ, ಯಂತ್ರದ ಸದ್ದೇ ಇಲ್ಲ?" ಬಾಗಿಲಲ್ಲಿ ಹಿರಿಯ ಮೇಷ್ಟ್ರು. ಅವರಿಗೂ ಹುಟ್ಟಿನಿಂದ ಕಣ್ಣಿಲ್ಲ.

ಆದದ್ದನ್ನು ಹೇಳಿದಳು.

"ತೆಗೀಲಾ ಅಂತ ಅದು ಕೇಳಲಿಲ್ವಾ?"

"ಎರಡು ಸಲ ಕೇಳ್ತು ಸಾರ್."

"ವಾಸಿ. ನನ್ನ ಹೆಂಡತಿ ಒಂದು ಸಲವೂ ಕೇಳಲ್ಲ. ನನ್ನ ಹಳೇ ಅಂಗಿ ಎಲ್ಲ ಹಾಗೇ ಹೋದ್ವು." ಅವಳು ನಗಲಿಲ್ಲವೆಂದು ತಿಳಿದು ದನಿ ತಗ್ಗಿಸಿದರು. "ಕೈಯಲ್ಲೇ ಚುಚ್ಚೋಣ. ನೀನು ಓದು."

ಅವಳು ಓದಿದಳು, ಅವರು ಬ್ರೈಲ್ ಚುಚ್ಚುವ ಮೊಳೆಯಿಂದ ದಪ್ಪ ಕಾಗದಕ್ಕೆ ಚುಚ್ಚಿದರು. ಒಂದು ಪ್ರತಿಗೆ ಹದಿನಾಲ್ಕು ಹಾಳೆ. ನಡುವೆ ಅವಳೂ ಒಂದು ಹಾಳೆ ಹಿಡಿದಳು. ಚುಕ್ಕಿ ಏಳುವುದು ಹಾಳೆಯ ಹಿಂಬದಿಗೆ, ಹಾಗಾಗಿ ಬಲದಿಂದ ಎಡಕ್ಕೆ, ತಿರುವುಮುರುವಾಗಿ ಚುಚ್ಚಬೇಕು. ಮೊದಲ ಪುಟದಲ್ಲೇ ಏಳು ತಪ್ಪು. ಸಂಜೆ ಐದಕ್ಕೆ ಎರಡು ಪ್ರತಿ ಆಗಿದ್ದವು.

"ಬೆರಳು ಮಾತು ಕೇಳ್ತಿಲ್ಲಮ್ಮಾ. ಚುಕ್ಕಿ ಬದಲು ತೂತು ಬೀಳ್ತಿದೆ." ಮೇಷ್ಟ್ರು ಮೊಳೆ ಕೆಳಗಿಟ್ಟರು. "ಈ ಎರಡು ಯಾರಿಗೆ? ನಿನ್ನ ಮಗಳಿಗೆ ಕೊಡು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ."

ಅಚ್ಚಿನಕ್ಕ ಹಾಳೆಗಳ ಅಂಚನ್ನು ಸರಿಮಾಡುತ್ತ ಕೂತಳು.

"ಕಿವಿನೂ ಮಂದ ಇರೋ ಇಬ್ಬರಿದ್ದಾರಲ್ಲ ಸಾರ್. ಓದಿ ಹೇಳಿದ್ರೆ ಅವರಿಗೆ ಸರಿಯಾಗಿ ಕೇಳಲ್ಲ."

ಮಗಳು ಗೋಡೆ ಸವರಿಕೊಂಡು ಬಂದಳು. "ಅಮ್ಮಾ, ನನ್ನ ಪೇಪರ್ ಮುಟ್ಟಲಾ? ಓದಲ್ಲ, ಬರೀ ದಪ್ಪ ನೋಡ್ತೀನಿ."

"ನಿಂದಿಲ್ಲ ಪುಟ್ಟಿ. ನಾನು ಯಂತ್ರ ಕೆಡಿಸಿಬಿಟ್ಟೆ. ನಾಳೆ ಓದಿ ಹೇಳೋರು ಬರ್ತಾರೆ."

ಹುಡುಗಿ ಚಾಚಿದ ಕೈಯನ್ನು ಮಡಚಿಕೊಂಡಳು. "ನೀನೇ ಓದು."

"ಅಮ್ಮಂದಿರು ಓದೋ ಹಾಗಿಲ್ಲ."

"ಇನ್ನೊಂದು ಸಲ ಓದಿ ಅಂದ್ರೆ ಅವರು ಓದ್ತಾರೆ, ಆದ್ರೆ ಉಸ್ಸಂತಾರೆ. ಹೋದ ವರ್ಷ ನಾನು ಕೇಳೋದೇ ಬಿಟ್ಟೆ."

ಅದು ಅಚ್ಚಿನಕ್ಕನಿಗೆ ಗೊತ್ತಿರಲಿಲ್ಲ. ಉಳಿದ ಮಕ್ಕಳಿಗೆ ಓದಿ ಹೇಳಲು ಒಂಬತ್ತು ಜನ ಬೇಕಿತ್ತು. ಹಿಂದಿನ ವರ್ಷ ಓದಿದವರ ಪಟ್ಟಿ ತೆಗೆದು ಫೋನಿನಲ್ಲಿ ಮೊದಲ ನಂಬರ್ ಒತ್ತಿದಳು. ಅತ್ತಲಿನವರು ಒಪ್ಪಿದರು, ಎಷ್ಟು ಹೊತ್ತಿನ ಕೆಲಸವೆಂದು ಕೇಳಿದರು.

"ಮೂರು ಗಂಟೆ ಸಾರ್. ಮಗು ಕೇಳದೇ ಇದ್ರೂ ಪ್ರತಿ ಪ್ರಶ್ನೆನೂ ಎರಡೆರಡು ಸಲ ಓದ್ತೀರಾ?"

"ನೋಡೋಣಮ್ಮ" ಎಂದರು ಅವರು.

ಅಚ್ಚಿನಕ್ಕ ಥ್ಯಾಂಕ್ಸ್ ಹೇಳಿ, ಎರಡನೆಯ ನಂಬರ್ ಒತ್ತಿದಳು.