ಶಾಯಿಯಲ್ಲಿ ಬರೆದ ಊರು

ಅಪ್ಪ ಮೂವತ್ತೆರಡು ವರ್ಷ ಜಮೀನು ಅಳೆದ ಸರ್ವೆಯರ್. ಅಳೆದು, ಮತ್ತೊಮ್ಮೆ ಅಳೆದು ಖಚಿತವಾದದ್ದಕ್ಕೆ ಮಾತ್ರ ಶಾಯಿ, ಉಳಿದದ್ದಕ್ಕೆಲ್ಲ ಪೆನ್ಸಿಲ್ ಎಂಬುದು ಅವರ ಕಚೇರಿಯ ನಿಯಮ. ನಿವೃತ್ತರಾದ ಮೇಲೂ ಅದನ್ನು ಬಿಟ್ಟಿಲ್ಲ. ದಿನಸಿ ಚೀಟಿಯೂ ಪೆನ್ಸಿಲ್ಲಿನಲ್ಲೇ.

ಆ ಭಾನುವಾರ ಅವರು ಊಟದ ಮೇಜಿನ ಮೇಲೆ ತಾವೇ ಬರೆದ ಪ್ರವಾಸದ ನಕ್ಷೆ ಹರಡಿದರು. ಗುಡ್ಡಗಳ ಸಾಲು, ಹಳೆಯ ಕೋಟೆ, ಕೆರೆ, ಕಲ್ಲಿನ ಸೇತುವೆ. ನಾಲ್ಕು ದಿನ, ಸರ್ಕಾರಿ ಬಸ್ಸು, ಮೊದಲ ದಿನದ ಬುತ್ತಿ ಮನೆಯಿಂದಲೇ.

"ಭಾವ, ನಡ್ಕೊಂಡೇ ಹೋದ್ರೆ ಇನ್ನೂ ಅಗ್ಗ ಅಲ್ವಾ?" ಎಂದಳು ಊಟಕ್ಕೆ ಬಂದಿದ್ದ ಚಿಕ್ಕಮ್ಮ.

"ದಾರಿಯುದ್ದಕ್ಕೂ ನಿನ್ನ ಮಾತು ಕೇಳ್ಬೇಕಲ್ಲ, ದುಬಾರಿ ಬೀಳುತ್ತೆ."

ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದಳು: "ಆ ಕಡೆ ನೀವು ಮೊದಲು ಹೋಗಿದ್ರಾ?"

"ನಾನೆಲ್ಲಿ ಹೋಗಿದ್ದೆ? ಎಲ್ಲಾ ಕೇಳಿ ಗೊತ್ತಷ್ಟೆ."

ಎಂ.ಎ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲೇ ಇರುವ ನನಗೆ ಉಳಿದವರ ಮೌನವನ್ನು ಗಮನಿಸುವುದೇ ಒಂದು ಕೆಲಸವಾಗಿಬಿಟ್ಟಿದೆ. ಯಂತ್ರ ನಿಂತಿತ್ತು. ನಾನು ನಕ್ಷೆಯ ಮೇಲೆ ಬಾಗಿದೆ. ಕೋಟೆ ಪೆನ್ಸಿಲ್ಲಿನಲ್ಲಿತ್ತು, ಕೆರೆಯೂ ಸೇತುವೆಯೂ ಹಾಗೆಯೇ. ಕೋಟೆಯಿಂದ ಎಂಟು ಮೈಲಿ ದೂರದ, ನಾವು ಎರಡು ರಾತ್ರಿ ತಂಗಬೇಕಾದ ಒಂದು ಸಣ್ಣ ಹಳ್ಳಿ ಮಾತ್ರ ಕಪ್ಪು ಶಾಯಿಯಲ್ಲಿತ್ತು. ಅದರ ಬಾವಿ ಕೂಡ.

"ಇಲ್ಲೇ ಯಾಕಪ್ಪಾ ಉಳಿಯೋದು?"

"ಕೋಟೆ ಹತ್ರ ರೂಮು ದುಬಾರಿ."

ಮರುದಿನ ಕೋಟೆಯ ಬುಡದ ಯಾತ್ರಿನಿವಾಸಕ್ಕೆ ಫೋನ್ ಮಾಡಿದೆ. ಅಪ್ಪ ಬರೆದಿಟ್ಟಿದ್ದ ಹಳ್ಳಿಯ ಬಾಡಿಗೆಗಿಂತ ಅಲ್ಲೇ ಅಗ್ಗ. ಈ ಮಾತನ್ನು ಅಮ್ಮನಿಗೆ ಹೇಳಬಾರದಿತ್ತೋ ಏನೋ, ಹೇಳಿದೆ. ಅವಳು ಬಾಯಲ್ಲಿದ್ದ ದಾರವನ್ನು ಕಡಿದು, "ನೀನು ಹುಟ್ಟೋ ಮುಂಚೆ ಆರು ತಿಂಗಳು ಕ್ಯಾಂಪು ಅಂತ ಹೋಗಿದ್ರು. ಎಲ್ಲಿಗೆ ಅಂತ ಕೇಳಿದ್ರೆ ಮಾತು ಹಾರಿಸೋರು" ಎಂದಳು. ಯಾವುದೋ ಹೆಂಗಸಿನ ಬಗ್ಗೆ ಅವಳು ಇಪ್ಪತ್ತೈದು ವರ್ಷ ಯೋಚಿಸಿದ್ದಾಳೆ ಎಂದು ನನಗೆ ಆಗ ತಿಳಿಯಿತು. ಆ ವಾರ ಮನೆಯಲ್ಲಿ ಪ್ರವಾಸದ ಮಾತೇ ಬರಲಿಲ್ಲ. ಅಪ್ಪ ಮಾತ್ರ ದಿನವೂ ಬಸ್ಸಿನ ವೇಳೆ ಅಳಿಸಿ ಬರೆಯುತ್ತಿದ್ದರು.

ಶನಿವಾರ ಮಧ್ಯಾಹ್ನ ಅಮ್ಮ ತಡೆಯಲಾರದೆ ನಕ್ಷೆಯನ್ನು ಅವರ ಮುಂದೆ ಎಳೆದಳು. "ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ ಕಣೇ."

"ಶಾಯಿ ಯಾಕೆ ಹಾಗಾದ್ರೆ?"

ಅಪ್ಪ ತಮ್ಮ ಅಕ್ಷರವನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಕೈ ತಾನಾಗಿಯೇ ಬರೆದಿತ್ತು. ಬಾವಿಯ ಗುರುತಿನ ಮೇಲೆ ಬೆರಳಿಟ್ಟು ಹೇಳಿದರು: "ಒಬ್ಬ ವಿಧವೆ ಇದ್ರು. ನನಗಿಂತ ದೊಡ್ಡೋರು. ಅವರ ಹೊಲ ಅಳೆದವನು ನಾನೇ. ಅಳತೆ ಸರಪಳಿಯ ಒಂದು ಕೊಂಡಿ ಬಾಗಿತ್ತು, ಎಳೆದಾಗೆಲ್ಲ ನಾಲ್ಕು ಬೆರಳು ಗಿಡ್ಡ. ಗಡಿಕಲ್ಲು ಬಾವಿಯ ಈಚೆಗೆ ಬಂತು. ಬಾವಿ ಪಕ್ಕದವನ ಪಾಲಾಯ್ತು."

"ಆಮೇಲೆ ಗೊತ್ತಾಯ್ತಾ?" ಎಂದೆ.

ಅಪ್ಪ ನನ್ನತ್ತ ನೋಡಲಿಲ್ಲ. "ಅವತ್ತು ಸಂಜೆಯೇ ಗೊತ್ತಾಯ್ತು. ಮರುದಿನ ಸಾಹೇಬರು ಸಹಿಗೆ ಬರೋರಿದ್ರು. ಮತ್ತೆ ಅಳೀಬೇಕಂದ್ರೆ ನಾಲ್ಕು ದಿನ. ಶಾಯೀಲಿ ಬರೆದುಬಿಟ್ಟೆ."

ಅಮ್ಮನ ಮುಖದಲ್ಲಿ ನೆಮ್ಮದಿ ಬಂದು ನಿಲ್ಲುವಷ್ಟರಲ್ಲಿ ಹೊರಟುಹೋಯಿತು. "ಈಗ ಹೋಗಿ ಏನು ಮಾಡ್ತೀರಾ?"

"ಕಲ್ಲು ಅಲ್ಲೇ ಇದೆಯಾ ಅಂತ ಒಮ್ಮೆ ನೋಡಿ..."

"ನೋಡೋಕೆ ಎರಡು ರಾತ್ರಿ ಬೇಕಾ? ಕೋಟೆ ತೋರಿಸ್ತೀನಿ ಅಂತ ನಮ್ಮನ್ನೂ ಕಟ್ಕೊಂಡು?"

"ಒಬ್ಬನೇ ಹೋದ್ರೆ ಬಸ್ಸಿಳಿಯೋ ಧೈರ್ಯ ಬರಲ್ಲ," ಎಂದರು ಅಪ್ಪ. "ಎರಡು ಸಲ ಹೋಗಿ ಹಾಗೇ ವಾಪಸ್ ಬಂದಿದೀನಿ."

ಹೀಗಾದರೆ ಅವರು ಮೂರನೆಯ ಸಲವೂ ಇಳಿಯಲಾರರು, ನಮ್ಮನ್ನು ಕೆರೆ ಸುತ್ತಿಸಿ ವಾಪಸ್ ಕರೆತರುತ್ತಾರೆ ಎನ್ನಿಸಿತು. ಅಮ್ಮನಿಗೂ ಅನ್ನಿಸಿರಬೇಕು. ಅವಳು ರಬ್ಬರ್ ತೆಗೆದುಕೊಂಡು ಎರಡನೆಯ ದಿನದ ಕೋಟೆಯನ್ನು ಉಜ್ಜಿಹಾಕಿದಳು.

"ಬರೀರಿ. ಬೆಳಗ್ಗೆ ಒಂಬತ್ತಕ್ಕೆ, ಆ ಅಮ್ಮನ ಮನೆ. ಅವರಿಲ್ದಿದ್ರೆ ಮಕ್ಕಳು. ತಪ್ಪು ನಂದೇ ಅಂತ ಬರೆದುಕೊಟ್ಟು ಬನ್ನಿ. ನಾನು ಬಾಗಿಲಲ್ಲಿ ನಿಂತಿರ್ತೀನಿ."

ಅಪ್ಪ ಪೆನ್ಸಿಲ್ ಎತ್ತಿಕೊಂಡರು.

"ಅದಲ್ಲ," ಎಂದಳು ಅಮ್ಮ.

ಅವರು ಪೆನ್ಸಿಲ್ ಕೆಳಗಿಟ್ಟು ಜೇಬಿನ ಪೆನ್ನಿನ ಮುಚ್ಚಳ ಬಿಚ್ಚಿದರು. ಮೊದಲ ಅಕ್ಷರಕ್ಕೆ ಶಾಯಿ ಇಳಿಯಲಿಲ್ಲ. ಪೆನ್ನನ್ನು ಒಮ್ಮೆ ಕೊಡವಿ, ಮತ್ತೆ ಬರೆಯತೊಡಗಿದರು.