ಮಾಯಮ್ಮ ಬಿಚ್ಚಿದ ವಿಂಚ್ ಮೋಟರು

ಮಾಯಮ್ಮ ಪಾಂಡವಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ತೆರೆದು ಎಂಟು ತಿಂಗಳಾಗಿತ್ತು. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಶ್ರೀರಂಗಪಟ್ಟಣದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ರೈತರ ಪಂಪ್‌ಸೆಟ್ಟುಗಳಿಗೆ ತಂತಿ ಸುತ್ತಿದ್ದಳು. ಸುತ್ತುತ್ತಿದ್ದವಳು ಅವಳು, ಹೆಸರು ಮಾಲೀಕನದು.

ಆ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಕೆ.ಆರ್. ಪೇಟೆಯ ತಿಮ್ಮರಾಜು ಅಂಗಡಿ ಮುಂದೆ ಜೀಪು ನಿಲ್ಲಿಸಿದ. ಕೆಸರಲ್ಲಿ ಹೂತ ಗಾಡಿಗಳನ್ನು ಎಳೆದುಕೊಡುವುದು ಅವನ ಕಸುಬು. ಜೀಪಿನ ಮೂತಿಗೆ ಉಕ್ಕಿನ ಹಗ್ಗ ಸುತ್ತಿದ ವಿಂಚು ಕೂರಿಸಿದ್ದ. ಅದನ್ನು ತಿರುಗಿಸುವ ಮೋಟರಿನಿಂದ ಸುಟ್ಟ ವಾಸನೆ ಇನ್ನೂ ಬರುತ್ತಿತ್ತು.

"ದೇವಯ್ಯನ ಟ್ರಾಕ್ಟರು ನಾಲೆ ಒಳಕ್ಕೆ ಜಾರ್ಬುಟ್ಟದೆ ಕಣಕ್ಕ. ಅರ್ಧ ಎಳ್ದಿದ್ದೆ, ಇದು ಸುಟ್ಟು ನಿಂತೋಯ್ತು. ಆ ಏರಿ ಮ್ಯಾಲೆ ಕ್ರೇನು ಬರಾಕಿಲ್ಲ. ಕೆ.ಆರ್.ಎಸ್.ನಿಂದ ಬೇರೆ ನೀರು ಬುಟ್ಟವ್ರೆ, ಸಂಜೆ ಐದಕ್ಕೆ ಅಲ್ಲಿಗೆ ಬಂದ್ಬುಡ್ತದೆ."

"ಬ್ಯಾರೆ ಯಾರ್ಗೂ ತೋರಿಸ್ಲಿಲ್ವಾ?"

ತಿಮ್ಮರಾಜು ತಲೆ ಕೆರೆದುಕೊಂಡ. "ನೀನು ಮೊದ್ಲಿದ್ದ ಅಂಗ್ಡಿಗೇ ಓಗಿದ್ದೆ. ರಿಪೇರಿ ಆಗಾಕಿಲ್ಲ, ಒಸ್ದು ತರಿಸ್ಬೇಕು, ಮೂರು ದಿನ ಆಯ್ತದೆ ಅಂದ್ರು."

ಮಾಯಮ್ಮ ಇದುವರೆಗೆ ವಿಂಚಿನ ಮೋಟರನ್ನು ಮುಟ್ಟಿರಲಿಲ್ಲ. ಹಾಗೆಂದು ಹೇಳಿಯೇ ಸ್ಕ್ರೂ ಬಿಚ್ಚಿದಳು. ಒಳಗಿನದು ಪಂಪ್‌ಸೆಟ್ಟಿನ ಸಣ್ಣ ತಂತಿಯಲ್ಲ, ದಪ್ಪ ತಾಮ್ರದ ಪಟ್ಟಿ. ಅವಳಿಗೆ ನೆನಪಾದದ್ದು ಟ್ರಾಕ್ಟರನ್ನು ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರು. ಅಂಥವನ್ನು ನಾಲ್ಕಾರು ಸಲ ಬಿಚ್ಚಿದ್ದಳು.

ಟೆಸ್ಟ್ ಲ್ಯಾಂಪಿನ ತಂತಿಯನ್ನು ಒಂದೊಂದೇ ಕಡೆ ಮುಟ್ಟಿಸುತ್ತಾ ಹೋದಳು. ತಿರುಗುವ ಭಾಗ ಸರಿಯಾಗಿತ್ತು. ಅದರ ಸುತ್ತ ಇದ್ದ, ಪಟ್ಟಿ ಸುತ್ತಿದ ನಾಲ್ಕು ಕಾಯಿಲುಗಳಲ್ಲಿ ಮೂರನೆಯದಕ್ಕೆ ಮುಟ್ಟಿಸಿದಾಗ, ಹತ್ತಬಾರದ ಬಲ್ಬು ಹತ್ತಿತು. ಅದರ ಮೇಲಿನ ಹೊದಿಕೆ ಸುಟ್ಟು, ತಾಮ್ರ ನೇರ ಕಬ್ಬಿಣಕ್ಕೆ ತಗುಲಿತ್ತು.

"ಕೆಟ್ಟಿರೋದು ಇದೊಂದೇ ಕಣಪ್ಪ. ಜೊತೆಗೆ ಒಳಕ್ಕೆ ಕರೆಂಟು ಮುಟ್ಟಿಸೋ ಕಾರ್ಬನ್ ಬ್ರಷ್ಷು ಮುರ್ದದೆ. ಮಿಕ್ಕಿದ್ದೆಲ್ಲಾ ಚೆಂದಾಗೈತೆ."

ಕಾಯಿಲು ಕಳಚಿ ಕರಕಲು ಕೆರೆದು, ಹತ್ತಿ ಟೇಪು ಬಿಗಿಯಾಗಿ ಸುತ್ತಿ, ವಾರ್ನಿಷ್ ಬಳಿದು ದೊಡ್ಡ ಬಲ್ಬಿನ ಕಾವಿಗೆ ಇಟ್ಟಳು. ಟ್ರಾಕ್ಟರ್ ಸೆಲ್ಫಿನ ಬ್ರಷ್ಷುಗಳನ್ನು ತರಿಸಿ, ಅಳತೆಗೆ ಬರುವಂತೆ ಉಜ್ಜಲು ತಿಮ್ಮರಾಜುವಿನ ಕೈಗೇ ಅರ ಕೊಟ್ಟಳು. ಅವನು ಜೀಪಿನ ನೆರಳಲ್ಲಿ ಕೂತು ಉಜ್ಜಿದ.

ಎರಡು ಗಂಟೆಗೆ ಎಲ್ಲವನ್ನೂ ಜೋಡಿಸಿ ಬ್ಯಾಟರಿ ಕೊಟ್ಟು ನೋಡಿದರು. ಮೋಟರು ತಿರುಗಿತು, ಆದರೆ ಗಡಗಡ ನಡುಗುತ್ತಾ, ಕಿಡಿ ಹಾರಿಸುತ್ತಾ. ತಿಮ್ಮರಾಜುವಿನ ಮುಖ ಇಳಿಯಿತು. ಮಾಯಮ್ಮ ಕರೆಂಟು ತೆಗೆದು, ಕಾಯಿಲು ಕೂರಿಸಿದ ಬಗೆಯನ್ನು ಮನಸ್ಸಿನಲ್ಲೇ ಒಮ್ಮೆ ತಿರುವಿ ನೋಡಿದಳು.

"ತಪ್ಪು ನಂದೇ. ಕಾಯಿಲ್ನ ಹಿಂದುಮುಂದಾಗಿ ಕೂರಿಸ್ಬುಟ್ಟಿದ್ದೀನಿ."

ಮತ್ತೆ ಬಿಚ್ಚಿದಳು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು. ಮೂರೂವರೆಗೆ ಮೋಟರು ಒಂದೇ ಸಮನೆ ಗುಂಯ್‌ಗುಟ್ಟಿತು, ಕಿಡಿಯ ಸುಳಿವಿರಲಿಲ್ಲ. ಅದನ್ನು ವಿಂಚಿಗೆ ಬಿಗಿದ ಮೇಲೆ ಮಾಯಮ್ಮ ಅಂಗಡಿಗೆ ಬೀಗ ಹಾಕಿ ಜೀಪು ಹತ್ತಿದಳು. ಬೆಂಚಿನ ಮೇಲೆ ಓಡಿದ್ದು ಭಾರ ಬಿದ್ದಾಗ ಓಡುತ್ತದೆಯೇ ಎಂದು ಅವಳು ಕಣ್ಣಾರೆ ನೋಡಬೇಕಿತ್ತು.

ನಾಗಮಂಗಲ ರಸ್ತೆ ಬಿಟ್ಟು ಒಳಗೆ ಹೋದರೆ ನಾಲೆ. ಏರಿಯ ಮೇಲೆ ಐವತ್ತು ಜನ ಸೇರಿದ್ದರು. ಟ್ರಾಕ್ಟರಿನ ಹಿಂದಿನ ಗಾಲಿಗಳು ಹೂಳಿನಲ್ಲಿ ಅರ್ಧ ಮುಳುಗಿದ್ದವು. ಅದರ ಒಡೆಯ ದೇವಯ್ಯ ಟವೆಲ್ಲು ಬಾಯಿಗೆ ಒತ್ತಿಕೊಂಡು ಕೂತಿದ್ದ.

ತಿಮ್ಮರಾಜು ಹಗ್ಗ ಎಳೆದುಕೊಂಡು ಇಳಿಯುತ್ತಿದ್ದಂತೆ ಮಾಯಮ್ಮ ತಡೆದಳು. "ನೇರಕ್ಕೆ ಎಳೀಬ್ಯಾಡ. ರಾಟೆ ಆಕು, ಮೋಟರಿಗೆ ಅರ್ಧ ಭಾರ ತಪ್ತದೆ. ಒಂದ್ಚೂರು ಎಳಿ, ನಿಲ್ಸು. ನಾನು ಮುಟ್ಟಿನೋಡಿ ಯೋಳ್ತೀನಿ."

ಅವನು ಟ್ರಾಕ್ಟರಿಗೆ ರಾಟೆ ಸಿಕ್ಕಿಸಿ, ಹಗ್ಗವನ್ನು ಅದರಲ್ಲಿ ಹಾಯಿಸಿ, ತುದಿಯನ್ನು ವಾಪಸು ತಂದು ಏರಿಯ ಹುಣಸೆ ಮರಕ್ಕೆ ಬಿಗಿದ. ಜನರನ್ನು ದೂರ ನಿಲ್ಲಿಸಿದರು. ಸ್ವಿಚ್ಚು ಒತ್ತಿದಾಗ ಹಗ್ಗ ಸೆಟೆದು ನಿಂತಿತು, ಜೀಪಿನ ಮೂತಿ ಬಗ್ಗಿತು, ಟ್ರಾಕ್ಟರು ಕದಲಲಿಲ್ಲ. ಆಮೇಲೆ ಹೂಳು ಪಚಕ್ಕೆಂದಿತು. ಗಾಲಿ ಒಂದು ಗೇಣು ಮೇಲೆ ಬಂತು.

"ನಿಲ್ಸು." ಮಾಯಮ್ಮ ಮೋಟರಿನ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. "ಊಂ, ಎಳಿ."

ಹೀಗೆ ಹದಿನೇಳು ಸಲ. ಕೊನೆಯ ಎಳೆತಕ್ಕೆ ಹಿಂದಿನ ಗಾಲಿಗಳು ಏರಿಯ ಅಂಚು ಹತ್ತಿದವು. ಜನ ಕೇಕೆ ಹಾಕಿದರು. ದೇವಯ್ಯ ಎದ್ದು ಬಂದು ಮೊದಲು ಗಾಲಿ ಮುಟ್ಟಿದ, ಆಮೇಲೆ ಮಾಯಮ್ಮನ ಎದುರು ಕೈಮುಗಿದು, "ಉಳಿಸ್ಬುಟ್ಟೆ ಕಣವ್ವ," ಎಂದ. ಅಷ್ಟರಲ್ಲೇ ಮೇಲಿನ ತಿರುವಿನಲ್ಲಿ ಒಣಗಿದ ಎಲೆ, ಕಸ ತಳ್ಳಿಕೊಂಡು ಕೆಂಪು ನೀರು ಬರುವುದು ಕಾಣಿಸಿತು. ಗಾಲಿ ಹೂತಿದ್ದ ಗುಂಡಿಗಳು ನೋಡನೋಡುತ್ತಲೇ ಮುಚ್ಚಿಹೋದವು.

ತಿಮ್ಮರಾಜು ಮರದಿಂದಲೂ ರಾಟೆಯಿಂದಲೂ ಹಗ್ಗ ಬಿಡಿಸಿ, ಸ್ವಿಚ್ಚನ್ನು ಅವಳ ಕೈಗಿಟ್ಟ. "ಮಿಕ್ಕ ಹಗ್ಗನ ನೀನೇ ಸುತ್ತಕ್ಕ."

ಮಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿ ಒತ್ತಿದಳು. ಐವತ್ತು ಜನ ನೋಡುತ್ತಿರುವಂತೆ ಕೆಸರು ಮೆತ್ತಿದ ಹಗ್ಗ ಸಾಲುಸಾಲಾಗಿ ವಿಂಚಿನ ಉರುಳೆಗೆ ಸುತ್ತಿಕೊಂಡಿತು. ಅವಳು ನಗು ತಡೆಯಲಿಲ್ಲ.